ಕಾಣದ ಹುಲಿ, ಕಾಣುವ ಚಿಮಣಿ

ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ಬೇಸಿಗೆ ರಜೆಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ದಾಂಡೇಲಿಗೆ ಹೋಗಿದ್ದ. ಮರಳುವಾಗ ಧಾರವಾಡದ ನಮ್ಮ ಮನೆಯಲ್ಲಿ ಒಂದು ದಿನ ಉಳಿದ. ಹೋಗುವಾಗ ಇದ್ದ ಉತ್ಸಾಹ ಬರುವಾಗ ಇರಲಿಲ್ಲ. ಊಟಕ್ಕೆ ಕುಳಿತಾಗ ಮೆಲ್ಲಗೆ ಬಾಯಿಬಿಟ್ಟ.

‘ಎರಡು ದಿನ ಸುತ್ತಿದೆವು ಭಾವ, ಹುಲಿಯ ಬಾಲವೂ ಕಾಣಲಿಲ್ಲ. ಕಾಡು ಅಂತ ಹೋದರೆ ಸಾಲು ಹಿಡಿದು ನಿಂತ ಬೋಳು ತೇಗದ ಮರಗಳು. ಊರೊಳಗೆ ಕಾರ್ಖಾನೆಯ ಚಿಮಣಿ, ಲಾರಿಗಳ ಸಾಲು. ದೋಣಿ ಹತ್ತೋಣ ಅಂದರೆ ನದಿಗೆ ಇನ್ನೂ ನೀರು ಬಿಟ್ಟಿಲ್ಲ ಅಂದರು. ನದಿಗೆ ನೀರು ಬಿಡುವುದು ಅಂದರೇನು? ಎಲ್ಲರೂ ದಾಂಡೇಲಿ ದಾಂಡೇಲಿ ಅಂತ ಹೊಗಳುತ್ತಾರಲ್ಲ, ನಮ್ಮ ಕಣ್ಣೇ ಸರಿ ಇಲ್ಲವೇನೋ!’

ಇಂಥ ನಿರಾಸೆ ಅವನೊಬ್ಬನದಲ್ಲ. ‘ದೂರದ ಬೆಟ್ಟ ನುಣ್ಣಗೆ’ ಎಂದು ನಮ್ಮ ಹಿರಿಯರು ಎಂದೋ ಹೇಳಿಟ್ಟಿದ್ದಾರೆ. 1980ರ ದಶಕದಲ್ಲಿ ಪ್ಯಾರಿಸ್‌ನಲ್ಲಿದ್ದ ಹಿರೋಆಕಿ ಓಟಾ ಎಂಬ ಜಪಾನಿ ಮನೋವೈದ್ಯರು, ಆ ನಗರವನ್ನು ಕಣ್ತುಂಬಿಕೊಳ್ಳಲು ಬಂದ ತಮ್ಮ ದೇಶದವರಲ್ಲಿ ಕೆಲವರು ಅಲ್ಲಿನ ವಾಸ್ತವವನ್ನು ತಾಳಲಾರದೆ ಕಾಯಿಲೆ ಬೀಳುವುದನ್ನು ಕಂಡರು. ಆ ಕಾಯಿಲೆಗೆ ‘ಪ್ಯಾರಿಸ್ ಸಿಂಡ್ರೋಮ್’ ಎಂಬ ಹೆಸರೇ ಬಂತು. ನಮ್ಮವರು ಅಷ್ಟು ದೂರ ಹೋಗುವುದಿಲ್ಲ. ದುಡ್ಡು ದಂಡವಾಯಿತೆಂದು ಗೊಣಗಿ, ಚೆನ್ನಾಗಿ ಬಂದ ನಾಲ್ಕು ಫೋಟೋಗಳನ್ನು ಮಾತ್ರ ನೆಂಟರಿಗೆ ತೋರಿಸಿ ಸುಮ್ಮನಾಗುತ್ತಾರೆ. ಆ ಫೋಟೋ ನೋಡಿದವರು ಮುಂದಿನ ವರ್ಷ ಅಲ್ಲಿಗೇ ಹೊರಡುತ್ತಾರೆ.

ಆದರೆ ಭಾವಮೈದುನನ ಮಾತನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಅವನ ಕಣ್ಣು ಸರಿಯಾಗಿಯೇ ಇದೆ. ಬೋಳು ತೇಗ, ಚಿಮಣಿ, ಬಿಟ್ಟರೆ ಮಾತ್ರ ಹರಿಯುವ ನದಿ, ಈ ಮೂರೂ ದಾಂಡೇಲಿಯಲ್ಲಿ ನಿಜವಾಗಿ ಇವೆ, ಮೂರಕ್ಕೂ ಇತಿಹಾಸವಿದೆ. ಇಲ್ಲದಿರುವುದು ‘ಯಾರೂ ಮುಟ್ಟದ ಕಾಡು’ ಎಂಬ ಚಿತ್ರ. ಆ ಚಿತ್ರ ಎಲ್ಲಿಂದ ಬಂತು, ಅದರ ಹಿಂದೆ ಏನಿತ್ತು ಎಂಬುದನ್ನು ನೋಡುವುದು ಒಳ್ಳೆಯದು.

ಜ್ವರದ ಸೀಮೆ

ದಾಂಡೇಲಿಯ ಕಾಡನ್ನು ನೋಡಲು ಜನ ಹಾತೊರೆಯುವುದು ತೀರಾ ಈಚಿನ ಮಾತು. ನೂರು ವರ್ಷಗಳ ಹಿಂದೆ ಈ ಸೀಮೆಯ ಹೆಸರು ಕೇಳಿದರೆ ಹೊರಗಿನವರು ಹೆದರುತ್ತಿದ್ದರು.

1883ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಯುವಕ ರವೀಂದ್ರನಾಥ ಟಾಗೋರರು ಕಾರವಾರದಲ್ಲಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಕಾಳಿ ನದಿಯಲ್ಲಿ ದೋಣಿಯಲ್ಲಿ ಸಾಗಿ ಬೆಳುದಿಂಗಳಲ್ಲಿ ಮರಳಿದ ಒಂದು ರಾತ್ರಿಯನ್ನು ಟಾಗೋರರು ತಮ್ಮ ‘ಜೀವನಸ್ಮೃತಿ’ಯಲ್ಲಿ ಮನಸಾರೆ ನೆನೆದಿದ್ದಾರೆ. ಅದೇ 1883ರಲ್ಲಿ ಮುಂಬಯಿ ಸರ್ಕಾರದ ಕೆನರಾ ಗೆಜೆಟಿಯರ್ ಪ್ರಕಟವಾಯಿತು. ಅದೇ ಜಿಲ್ಲೆಯ ಘಟ್ಟದ ಮೇಲಿನ ಕಾಡುಸೀಮೆಯ ಜ್ವರವನ್ನು ಆ ಗ್ರಂಥ ದಾಖಲಿಸಿತು. ನದಿ ಒಂದೇ. ಅದರ ತುದಿಯಲ್ಲಿ ಕವಿಗೆ ಬೆಳುದಿಂಗಳು ಸಿಕ್ಕಿತು, ಅದರ ಹುಟ್ಟಿನ ಕಡೆ ಇದ್ದವರಿಗೆ ಮಲೇರಿಯಾ ಕಾದಿತ್ತು.

ಇಲ್ಲಿನ ಮಲೇರಿಯಾ ಹರಡುತ್ತಿದ್ದ ಮುಖ್ಯ ಸೊಳ್ಳೆ ಕೊಚ್ಚೆಯಲ್ಲಿ ಬೆಳೆಯುವಂಥದಲ್ಲ. ಕಾಡಿನ ತಿಳಿನೀರಿನ ತೊರೆಗಳಲ್ಲೇ ಅದು ಮೊಟ್ಟೆಯಿಡುತ್ತದೆ. ಇಂದು ಪ್ರವಾಸಿಗಳು ಕಾಲು ಇಳಿಬಿಟ್ಟು ಕೂರುವ ಹಳ್ಳಗಳೇ ಅಂದು ರೋಗದ ತೊಟ್ಟಿಲಾಗಿದ್ದವು. 1901ರ ಜನಗಣತಿಯಲ್ಲಿ ಕೆನರಾ ಜಿಲ್ಲೆಯ ಜನಸಂಖ್ಯೆ ಸುಮಾರು 4.54 ಲಕ್ಷ. 1921ರ ಹೊತ್ತಿಗೆ ಅದು ನಾಲ್ಕು ಲಕ್ಷದ ಸಮೀಪಕ್ಕೆ ಇಳಿದಿತ್ತು. ಜನ ಹೆಚ್ಚಬೇಕಾದ ಕಾಲದಲ್ಲಿ ಜನ ಕರಗಿದರು.

ಎರಡನೇ ಮಹಾಯುದ್ಧ ಮುಗಿದೊಡನೆ ಡಾ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಗೋಡೆಗಳಿಗೆ ಡಿಡಿಟಿ ಸಿಂಪಡಿಸುವ ಕೆಲಸ ಶುರುವಾಯಿತು. ದೇಶದಲ್ಲಿ ಇಷ್ಟು ವಿಸ್ತಾರವಾಗಿ ನಡೆದ ಮೊದಲ ಪ್ರಯೋಗಗಳಲ್ಲಿ ಇದೂ ಒಂದು. ಇದರ ಯಶಸ್ಸು 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿ ಮಾಡಿಕೊಟ್ಟಿತು. ಜ್ವರ ಇಳಿದ ಮೇಲೆಯೇ ಕಾರ್ಖಾನೆ, ಅಣೆಕಟ್ಟು, ರಸ್ತೆ, ಕೊನೆಗೆ ಪ್ರವಾಸಿ, ಒಬ್ಬರ ಹಿಂದೊಬ್ಬರು ಬಂದರು. ಕಾಡಿನ ‘ಸೌಂದರ್ಯ’ ಹೊರಗಿನವರ ಕಣ್ಣಿಗೆ ಬಿದ್ದದ್ದು ಆ ಬಳಿಕ.

ಮರದ ಊರು

ಹೊರಗಿನವರು ಹೆದರಿದರೂ ಮರವನ್ನು ಮಾತ್ರ ಯಾರೂ ಬಿಡಲಿಲ್ಲ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಆಗ ನೆಪೋಲಿಯನ್ನನ ವಿರುದ್ಧ ಯುದ್ಧದಲ್ಲಿದ್ದ ಬ್ರಿಟನ್ನಿಗೆ ಹಡಗು ಕಟ್ಟಲು ಮರ ಬೇಕಿತ್ತು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿ ಮಲಬಾರ್ ಮತ್ತು ಕೆನರಾ ಸೀಮೆಯ ತೇಗ ಕಂಪನಿಯದೇ ಎಂದು ಸಾರಲಾಯಿತು. ‘ಸಂರಕ್ಷಕ’ ಎಂಬ ಹುದ್ದೆ ಹುಟ್ಟಿದ್ದೇ ಮರವನ್ನು ಹಡಗುಕಟ್ಟೆಗೆ ಮುಟ್ಟಿಸಲು. ರೈತರೂ ವ್ಯಾಪಾರಿಗಳೂ ದೂರಿದ್ದರಿಂದ 1823ರಲ್ಲಿ ಆ ಏಕಸ್ವಾಮ್ಯವನ್ನು ಕೈಬಿಡಬೇಕಾಯಿತು.

ಆದರೆ ಅದು ಮುಂದಿನದಕ್ಕೆ ಪೀಠಿಕೆ ಮಾತ್ರ. 1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ರೈಲುಗಳ ಕಾಲ ಬಂತು, ಹಳಿಯ ಕೆಳಗಿನ ಮರದ ದಿಮ್ಮಿಗಳಿಗೆ ಬೇಡಿಕೆ ಏರಿತು. 1878ರ ಅರಣ್ಯ ಕಾಯ್ದೆಯ ಬಲದಿಂದ ಕಾಡು ಸರ್ಕಾರದ ‘ಮೀಸಲು’ ಆಯಿತು. ಇಲ್ಲಿನ ಕುಣಬಿಗಳು ಮೊದಲಾದವರು ನಡೆಸುತ್ತಿದ್ದ ಕುಮರಿ ಬೇಸಾಯ ಅಪರಾಧವೆನಿಸಿತು. ಮರವನ್ನು ಕಾಳಿಯ ನೀರಿನಲ್ಲಿ ತೇಲಿಸಿ ಕಾರವಾರದ ಕಡೆಗೆ ಇಳಿಸುವುದು ಹಳೆಯ ರೂಢಿ. ಮುಂದೆ ಅಳ್ನಾವರದಿಂದ ದಾಂಡೇಲಿಯವರೆಗೆ ರೈಲುಹಳಿಯನ್ನೇ ಹಾಸಿದರು. ಆ ಹಳಿ ಬಂದದ್ದು ಮರಕ್ಕಾಗಿ. ದಾಂಡೇಲಿ ಎಂಬ ಪೇಟೆ ಬೆಳೆದದ್ದು ಮರದ ಡಿಪೋದ ಸುತ್ತ.

ಇನ್ನು ಆ ಬೋಳು ಸಾಲುಗಳ ಮಾತು. ಕಾಡು ತಾನಾಗಿ ಸಾಲು ಹಿಡಿಯುವುದಿಲ್ಲ. ಮಿಶ್ರ ಕಾಡನ್ನು ಸವರಿ ತೇಗ ನೆಡುವುದು ಬ್ರಿಟಿಷರ ಕಾಲದಿಂದ ಸ್ವಾತಂತ್ರ್ಯಾನಂತರದ ದಶಕಗಳವರೆಗೂ ಉತ್ತರ ಕನ್ನಡದಲ್ಲಿ ನಡೆದುಬಂದ ಕ್ರಮ. ತೇಗ ಬೇಸಿಗೆಯಲ್ಲಿ ಎಲೆ ಉದುರಿಸುವ ಮರ. ಏಪ್ರಿಲ್‌ನಲ್ಲಿ ಬರುವ ಪ್ರವಾಸಿ ಹಸುರು ಕಾಡಿನ ಕನಸು ಹೊತ್ತು ಬಂದು ಸರ್ಕಾರದ ಹಳೆಯ ಹೊಲವೊಂದರ ನಡುವೆ ನಿಂತಿರುತ್ತಾನೆ.

ಒಂದೂವರೆ ರೂಪಾಯಿಯ ಬಿದಿರು

ಊರೊಳಗಿನ ಚಿಮಣಿಯ ಕಥೆ 1955ರಲ್ಲಿ ಆರಂಭವಾಗುತ್ತದೆ. ಆ ವರ್ಷ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು. 1959ರಲ್ಲಿ ಕಾಗದ ಹೊರಬಂತು. ನಡುವೆ, 1956ರಲ್ಲಿ, ದಾಂಡೇಲಿ ವನ್ಯಧಾಮ ಘೋಷಣೆಯಾಯಿತು. ಹೊಸ ರಾಷ್ಟ್ರಕ್ಕೆ ಶಾಲೆಗಳು ಬೇಕಿದ್ದವು, ಶಾಲೆಗೆ ಪುಸ್ತಕ, ಪುಸ್ತಕಕ್ಕೆ ಕಾಗದ. ವನ್ಯಮೃಗಗಳೂ ಉಳಿಯಬೇಕಿತ್ತು. ಒಂದೇ ಕಾಡಿನಿಂದ ಎರಡನ್ನೂ ಪಡೆಯಬಹುದೆಂಬ ನಂಬಿಕೆ ಆ ಕಾಲದ್ದು.

ಕಾರ್ಖಾನೆಯನ್ನು ಇಲ್ಲಿಗೆ ಎಳೆದದ್ದು ಬಿದಿರು. ಅದನ್ನು ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು. ಅದೇ ಬಿದಿರಿಗೆ ಬುಟ್ಟಿ, ಮೊರ ಹೆಣೆದು ಬದುಕುವ ಮೇದಾರರು ಪೇಟೆಯಲ್ಲಿ ನೂರಾರು ಪಟ್ಟು ಬೆಲೆ ತೆರಬೇಕಿತ್ತು. ಬಿದಿರು ಸಿಗದಂತಾದಾಗ ಅವರು ಪ್ರತಿಭಟಿಸಿದರು. ಆಗ ರಾಜ್ಯ ಸರ್ಕಾರ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಅವರನ್ನು ಅಧ್ಯಯನಕ್ಕೆ ಕೇಳಿಕೊಂಡಿತು. 1975ರಲ್ಲಿ ಆ ಕೆಲಸ ಶುರುವಾಯಿತು.

ಆ ಅಧ್ಯಯನದಲ್ಲಿ ಎರಡು ಸಂಗತಿಗಳು ಹೊರಬಂದವು. ಒಂದು, ಕಾಡಿನಲ್ಲಿ ಇಷ್ಟು ಬಿದಿರಿದೆ ಎಂದು ಇಲಾಖೆ ಹಾಕಿದ್ದ ಅಂದಾಜು ವಾಸ್ತವಕ್ಕಿಂತ ಬಹಳ ಹೆಚ್ಚಾಗಿತ್ತು. ಎರಡನೆಯದು ಇನ್ನೂ ಕುತೂಹಲದ್ದು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೆಣಿಗೆಯೊಂದು ಬೆಳೆದಿರುತ್ತದೆ. ಮೆಳೆ ಚೆನ್ನಾಗಿ ಬೆಳೆಯಲೆಂದು ಅದನ್ನು ಸವರಿ ‘ಸ್ವಚ್ಛ’ ಮಾಡಲಾಗುತ್ತಿತ್ತು. ಊರಿನ ಜನ ಇದು ತಪ್ಪೆಂದು ಹೇಳುತ್ತಿದ್ದರು. ಆ ಮುಳ್ಳೇ ಎಳೆಯ ಕಳಲೆಗೆ ಬೇಲಿ, ಅದನ್ನು ತೆಗೆದರೆ ದನ, ಕಾಡುಪ್ರಾಣಿಗಳು ಕಳಲೆಯನ್ನು ತಿಂದುಹಾಕುತ್ತವೆ ಎಂಬುದು ಅವರ ವಾದ. ಅಳೆದು ನೋಡಿದಾಗ ಜನರ ಮಾತೇ ನಿಜವಾಗಿತ್ತು. ಮುಂದೆ ಕಾರ್ಖಾನೆ ಕಚ್ಚಾವಸ್ತುವಿಗಾಗಿ ದೂರದ ರಾಜ್ಯಗಳ ಕಡೆಗೂ, ರೈತರು ಬೆಳೆಯುವ ಮರಗಳ ಕಡೆಗೂ ತಿರುಗಬೇಕಾಯಿತು.

ಚಿಮಣಿಯನ್ನು ಬೈದು ಮುಗಿಸುವುದು ಸುಲಭ. ಆದರೆ ನಾಡಿನ ನಾನಾ ಮೂಲೆಗಳಿಂದ ಬಂದ ಸಾವಿರಾರು ಕುಟುಂಬಗಳು ಅದರ ನೆರಳಿನಲ್ಲೇ ಮಕ್ಕಳನ್ನು ಓದಿಸಿದವು. ಕನ್ನಡ, ಕೊಂಕಣಿ, ಮರಾಠಿ, ಉರ್ದು, ತೆಲುಗು ಎಲ್ಲವೂ ಕಿವಿಗೆ ಬೀಳುವ ಊರಾಗಿ ದಾಂಡೇಲಿ ಬೆಳೆದದ್ದು ಹೀಗೆ. ನಮ್ಮಲ್ಲಿ ಎಷ್ಟೋ ಮಂದಿ ಅಕ್ಷರ ತಿದ್ದಿದ ಹಾಳೆ ಆ ಬಿದಿರಿನದೇ ಇದ್ದೀತು. ಕಾಡು ನೋಡಲು ಹೋದವರಿಗೆ ಚಿಮಣಿ ಅಡ್ಡ ಬರುವುದು ನಿಜ. ಆದರೆ ಚಿಮಣಿಯ ಲೆಕ್ಕದಲ್ಲಿ ನಾವೂ ಪಾಲುದಾರರು.

ನದಿಗೆ ನೀರು ಬಿಡುವುದು

ಈಗ ಭಾವಮೈದುನನ ಪ್ರಶ್ನೆಗೆ ಬರೋಣ. ಜೋಯಿಡಾ ತಾಲ್ಲೂಕಿನ ದಿಗ್ಗಿಯ ಬಳಿ ಹುಟ್ಟುವ ಕಾಳಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಸದಾಶಿವಗಡದ ಬಳಿ ಸಮುದ್ರ ಸೇರುತ್ತದೆ. ಇಷ್ಟು ಸಣ್ಣ ನದಿಗೆ ಮತ್ತು ಅದರ ಉಪನದಿಗೆ ಸೂಪಾ, ತಟ್ಟಿಹಳ್ಳ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಐದು ಅಣೆಕಟ್ಟುಗಳು. ಗಣೇಶಗುಡಿಯ ಬಳಿಯ ಸೂಪಾ ಅಣೆಕಟ್ಟು 101 ಮೀಟರ್ ಎತ್ತರದ್ದು. ಅದರ ಜಲಾಶಯ ಸುಮಾರು 145 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತದೆ. ಮಳೆಗಾಲದ ನೀರನ್ನು ಕೂಡಿಟ್ಟು, ವರ್ಷವಿಡೀ ಬೇಕಾದಂತೆ ಬಿಟ್ಟು, ಕೆಳಗೆ ನಾಗಝರಿ ಮೊದಲಾದೆಡೆ ವಿದ್ಯುತ್ ತೆಗೆಯುವುದು ಈ ಏರ್ಪಾಡಿನ ಉದ್ದೇಶ.

ಅಣೆಕಟ್ಟಿನ ಬುಡದಲ್ಲಿಯೇ 50 ಮೆಗಾವಾಟ್‌ನ ಎರಡು ಯಂತ್ರಗಳಿವೆ. ಅವು ತಿರುಗಿದಾಗ ನೀರು ಹೊರಬೀಳುತ್ತದೆ, ಗಣೇಶಗುಡಿಯ ಕೆಳಗಿನ ಬಂಡೆಗಳ ಮೇಲೆ ನೊರೆಯೇಳುತ್ತದೆ, ರಬ್ಬರ್ ದೋಣಿಗಳು ಇಳಿಯುತ್ತವೆ. ಯಂತ್ರ ನಿಂತರೆ ನೊರೆಯೂ ನಿಲ್ಲುತ್ತದೆ. ನಮ್ಮ ಇತರ ನದಿಗಳು ಬೇಸಿಗೆಯಲ್ಲಿ ಸೊರಗಿದಾಗಲೂ ಇಲ್ಲಿ ದೋಣಿಯಾಟ ಸಾಧ್ಯವಾಗುವುದಕ್ಕೆ ಇದೇ ಕಾರಣ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಜನ ಫ್ಯಾನ್ ಹಾಕಿದಾಗ ದಾಂಡೇಲಿಯ ಪ್ರವಾಸಿಗೆ ನದಿ ಸಿಗುತ್ತದೆ! ಜೋಗದಲ್ಲಿ ಇದರ ತಿರುವುಮುರುವು ಕಾಣುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿಯ ನೀರು ವಿದ್ಯುದಾಗಾರದ ದಾರಿ ಹಿಡಿಯಿತು. ಬೇಸಿಗೆಯಲ್ಲಿ ಜೋಗಕ್ಕೆ ಹೋದವರು ಬರಿ ಬಂಡೆ ನೋಡಿ ಬರುತ್ತಾರೆ. ಒಂದೆಡೆ ವಿದ್ಯುತ್ತು ನೋಟವನ್ನು ಕಸಿದುಕೊಂಡಿತು, ಇನ್ನೊಂದೆಡೆ ನೋಟವನ್ನು ತಾನೇ ಸೃಷ್ಟಿಸಿತು.

ಈ ನೀರಿನ ಅಡಿಯಲ್ಲಿ ಒಂದು ಊರಿದೆ. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ತಾಲ್ಲೂಕು ಕೇಂದ್ರವಾಗಿತ್ತು. ಕಚೇರಿ, ಪೇಟೆ, ದೇವಸ್ಥಾನ, ಮನೆಗಳಿದ್ದ ಆ ಊರೂ ಸುತ್ತಲಿನ ಹಳ್ಳಿಗಳೂ 1980ರ ದಶಕದಲ್ಲಿ ಮುಳುಗಿದವು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ನಿರಾಶ್ರಿತರಲ್ಲಿ ಅನೇಕರಿಗೆ ಲೋಂಡಾ ಕಡೆಯ ರಾಮನಗರದಲ್ಲಿ ನೆಲೆ ಕೊಟ್ಟರು. ಸೂಪಾ ಎಂಬ ಹೆಸರು ಈಗ ಹೆಚ್ಚಾಗಿ ಕೇಳಿಬರುವುದು ಮಳೆಗಾಲದ ಜಲಾಶಯ ಮಟ್ಟದ ಸುದ್ದಿಯಲ್ಲಿ, ‘ಇಂದು ಇಷ್ಟು ಮೀಟರ್’ ಎಂಬ ಸಾಲಿನಲ್ಲಿ. ಆ ಮಟ್ಟ ಏರಿದರೆ ನಾಡಿಗೆ ಸಮಾಧಾನ. ಅಲ್ಲಿಂದ ಎದ್ದುಬಂದವರಿಗೆ ಆ ಸಂಖ್ಯೆ ಬೇರೆಯದನ್ನೇ ನೆನಪಿಸುತ್ತದೆ.

ಹುಲಿ ಏಕೆ ಕಾಣುವುದಿಲ್ಲ?

ಉಳಿದದ್ದು ಹುಲಿ. 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಮತ್ತು ಅಣಶಿಗಳನ್ನು ಕೂಡಿಸಿ ಹುಲಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಹುಲಿ ಇಲ್ಲಿ ಇದೆ, ಕರಿಚಿರತೆಯೂ ಇದೆ. ಆದರೆ ಹೆಸರಿನಲ್ಲಿ ಹುಲಿ ಇದ್ದ ಮಾತ್ರಕ್ಕೆ ಅದು ಸಫಾರಿಯ ದಾರಿಗೆ ಬಂದು ನಿಲ್ಲುವುದಿಲ್ಲ.

ಬಂಡೀಪುರ, ನಾಗರಹೊಳೆಗಳಲ್ಲಿ ಕಾಡು ಹೆಚ್ಚು ತೆರೆದದ್ದು. ಬೇಸಿಗೆಯಲ್ಲಿ ನೀರಿರುವ ಜಾಗಗಳು ಕೆಲವೇ, ಪ್ರಾಣಿಗಳು ಅಲ್ಲಿಗೆ ಬರಲೇಬೇಕು. ಕಬಿನಿಯ ಹಿನ್ನೀರಿನ ದಡದಲ್ಲಿ ಬೇಸಿಗೆಯಲ್ಲಿ ಆನೆಗಳು ನೆರೆಯುವ ಹೆಸರಾಂತ ದೃಶ್ಯವೂ 1974ರಲ್ಲಿ ಮುಗಿದ ಅಣೆಕಟ್ಟಿನ ಕೊಡುಗೆ. ಕಾಳಿಯ ಕಾಡು ಪಶ್ಚಿಮಕ್ಕೆ ಹೋದಂತೆ ದಟ್ಟವಾಗುತ್ತದೆ, ಕಣಿವೆಗೊಂದು ತೊರೆ ಇರುತ್ತದೆ. ಪ್ರಾಣಿಗೆ ಒಂದೇ ಕಡೆ ಬರುವ ಅಗತ್ಯವಿಲ್ಲ, ಹತ್ತು ಗಜದಾಚೆ ನಿಂತರೂ ಪೊದೆ ಅದನ್ನು ಮರೆಮಾಡುತ್ತದೆ. ಹುಲಿ ಕಾಣದಿರುವುದು ಈ ಕಾಡಿನ ಕೊರತೆಯಲ್ಲ, ಸ್ವಭಾವ. ಜೋಯಿಡಾದ ಕೆಲವು ಹಳ್ಳಿಗಳ ಕುಟುಂಬಗಳು ಪರಿಹಾರದ ಹಣ ಪಡೆದು ಕಾಡಿನಿಂದ ಹೊರಬಂದದ್ದೂ ಈ ಕಾಣದ ಹುಲಿಗಾಗಿಯೇ ಎಂಬುದನ್ನು ಮರೆಯಬಾರದು.

ಇಷ್ಟೆಲ್ಲ ನಿರಾಸೆಯ ನಡುವೆ ಭಾವಮೈದುನ ಒಂದನ್ನು ನೋಡದೆ ಬಂದಿದ್ದ. ದಾಂಡೇಲಿಯಲ್ಲಿ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳಿವೆ, ಅಂದರೆ ಹಾರ್ನ್‌ಬಿಲ್‌ಗಳು. ಹಕ್ಕಿ ನೋಡುವವರು ಅವನ್ನು ಹುಡುಕಿಕೊಂಡು ಹೋಗುವ ಜಾಗಗಳಲ್ಲಿ ಒಂದು ಊರಿನ ಮರದ ಡಿಪೋ! ಕಡಿದು ಪೇರಿಸಿದ ದಿಮ್ಮಿಗಳ ಪಕ್ಕದ ಮರಗಳಿಗೆ ಆ ದೊಡ್ಡ ಕೊಕ್ಕಿನ ಹಕ್ಕಿಗಳು ಬಂದು ಕೂರುತ್ತವೆ. ಅತ್ತಿ, ಆಲದ ಜಾತಿಯ ಹಣ್ಣು ತಿಂದು ಬೀಜವನ್ನು ಮೈಲಿಗಟ್ಟಲೆ ಹರಡುತ್ತವೆ. ಹಳೆಯ ಮರದ ಪೊಟರೆಯೊಳಗೆ ಹೆಣ್ಣು ಸೇರಿಕೊಂಡು ಬಾಯಿ ಮುಚ್ಚಿಕೊಳ್ಳುತ್ತದೆ, ಕಿಂಡಿಯೊಂದರಿಂದ ಗಂಡು ಉಣಿಸುತ್ತದೆ. ಮರದ ಲೆಕ್ಕದಲ್ಲಿ ಪೊಟರೆಯ ಮರ ಬೆಲೆಯಿಲ್ಲದ್ದು, ಹಕ್ಕಿಯ ಲೆಕ್ಕದಲ್ಲಿ ಅದೇ ಮನೆ. ‘ಯಾರೂ ಮುಟ್ಟದ ಕಾಡು’ ಹುಡುಕುವವರು ಡಿಪೋದ ಕಡೆ ತಲೆಹಾಕುವುದಿಲ್ಲ.

ಉಳವಿಯ ಚಕ್ಕಡಿಗಳು

ಪ್ರವಾಸೋದ್ಯಮ ಎಂಬ ಮಾತು ಹುಟ್ಟುವ ಮುನ್ನವೇ ಈ ಕಾಡಿಗೆ ಹೊರಗಿನಿಂದ ಜನ ಬರುತ್ತಿದ್ದರು ಎಂಬುದೂ ನಿಜ. ಕಲ್ಯಾಣದ ಗಲಭೆಯ ಬಳಿಕ ಚನ್ನಬಸವಣ್ಣನವರು ಶರಣರೊಂದಿಗೆ ನಡೆದು ಬಂದು ಐಕ್ಯರಾದರೆಂದು ನಂಬುವ ಉಳವಿ ಇದೇ ಜೋಯಿಡಾ ತಾಲ್ಲೂಕಿನಲ್ಲಿದೆ. ಮಾಘದ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಎತ್ತಿಗೆ ಝೂಲ ಹೊದಿಸಿ, ಚಕ್ಕಡಿ ಕಟ್ಟಿಕೊಂಡು, ರೊಟ್ಟಿಬುತ್ತಿ ತುಂಬಿಕೊಂಡು ದಿನಗಟ್ಟಲೆ ಸಾಗುತ್ತಾರೆ. ದಾರಿಯುದ್ದಕ್ಕೂ ಕಾಡು, ಬೋಳು ತೇಗ, ಧೂಳು. ‘ಅಲ್ಲಿ ಏನು ಕಂಡಿರಿ’ ಎಂದು ಯಾರೂ ಅವರನ್ನು ಕೇಳುವುದಿಲ್ಲ, ನಿರಾಸೆಯಾಯಿತೆಂದು ಅವರು ಹೇಳಿದ್ದನ್ನು ನಾನಂತೂ ಕೇಳಿಲ್ಲ. ಅವರು ಕಾಡಿಗೆ ಏನನ್ನೂ ಪ್ರದರ್ಶಿಸು ಎಂದು ಕೇಳಿಕೊಂಡು ಹೋದವರಲ್ಲ.

ಎಲ್ಲರೂ ಯಾತ್ರಿಕರಾಗಬೇಕು ಎಂದು ಇದರ ಅರ್ಥವಲ್ಲ. ರಜೆ ಕಳೆಯಲು, ನೀರಿನಲ್ಲಿ ಆಡಲು ಹೋಗುವುದರಲ್ಲಿ ತಪ್ಪೇನಿದೆ? ಅದರಿಂದ ದಾಂಡೇಲಿ, ಜೋಯಿಡಾದ ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ಆದರೆ ಊರೊಂದನ್ನು ಅದರ ಇತಿಹಾಸ ಅಳಿಸಿ ಮಾರಿದಾಗ ಕೊಂಡವನಿಗೆ ನಿರಾಸೆ ಕಟ್ಟಿಟ್ಟ ಬುತ್ತಿ. ಚಿತ್ರದಲ್ಲಿ ಇರದಿದ್ದುದೆಲ್ಲ ಕಣ್ಣೆದುರು ಬಂದು ನಿಲ್ಲುತ್ತದೆ. ಆ ಕ್ಷಣದಲ್ಲಿ ಬೇಸರಪಟ್ಟು ಮುಖ ತಿರುಗಿಸುವ ಬದಲು ‘ಇದು ಇಲ್ಲಿಗೆ ಹೇಗೆ ಬಂತು’ ಎಂದು ಕೇಳಿದರೆ ಊರು ತೆರೆದುಕೊಳ್ಳುತ್ತದೆ. ‘ನದಿಗೆ ನೀರು ಬಿಡುವುದು ಅಂದರೇನು’ ಎಂದು ಕೇಳಿದಾಗ ಭಾವಮೈದುನ ಆ ಬಾಗಿಲ ತನಕ ಬಂದಿದ್ದ.

ರಾತ್ರಿ ಇದನ್ನೆಲ್ಲ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆ ಸೂಪಾದವರು ಈಗ ಎಲ್ಲಿದ್ದಾರೆ?’ ಎಂದು ಕೇಳಿದ. ರಾಮನಗರದ ಹೆಸರು ಹೇಳಿದೆ. ಮೆಚ್ಚದ ಊರಿನಿಂದ ಅವನು ಎರಡೇ ದಿನಕ್ಕೆ ಮನೆಗೆ ಮರಳಬಹುದಿತ್ತು. ಸೂಪಾದವರಿಗೆ ಮರಳಲು ಮನೆ ಉಳಿದಿಲ್ಲ, ಅದರ ಮೇಲೆ ನೀರಿದೆ.